ಯೂರ್ಗೆನ್ ಹಾಫರ್ ಮತ್ತು ‘ಹವ್ಯಾಸ’ವೆಂಬ ಮಾತು

‘ಹವ್ಯಾಸ’ವೆಂಬ ಶಬ್ದವನ್ನು ನಾವು ಬಹು ಹಗುರಾಗಿ ಬಳಸುತ್ತಿದ್ದೇವೆ. ಹೊಟ್ಟೆಪಾಡಿಗೆ ಒದಗುವುದು ವೃತ್ತಿ, ಬಿಡುವನ್ನು ಕಳೆಯಲು ಒದಗುವುದು ಹವ್ಯಾಸ ಎಂದು ವಿಭಾಗ ಮಾಡಿಕೊಂಡು, ಎರಡನೆಯದಕ್ಕೆ ಶ್ರಮವಾಗಲಿ ಶಾಸ್ತ್ರವಾಗಲಿ ಬೇಕಿಲ್ಲವೆಂದು ನಂಬಿಬಿಟ್ಟಿದ್ದೇವೆ. ಇದು ತಪ್ಪು ನಂಬಿಕೆಯೆಂಬುದು ನನ್ನ ಅಭಿಪ್ರಾಯ. ಅದಕ್ಕೆ ನಿದರ್ಶನವಾಗಿ ಜರ್ಮನಿಯ ಒಬ್ಬ ಭೂವಿಜ್ಞಾನಿಯ ಚರಿತ್ರೆಯನ್ನು ವಾಚಕರ ಮುಂದಿಡುತ್ತೇನೆ. ಕನ್ನಡ ಪಂಡಿತನಿಗೆ ಕಲ್ಲು ಹಕ್ಕಿಗಳ ಗೊಡವೆಯೇಕೆ ಎಂದು ಕೇಳುವವರು ಸ್ವಲ್ಪ ತಾಳ್ಮೆಯಿಂದಿರಬೇಕು.

ಯೂರ್ಗೆನ್ ಹಾಫರ್ ಜನಿಸಿದ್ದು 1932ರಲ್ಲಿ, ಬರ್ಲಿನ್ ನಗರದಲ್ಲಿ. ಪಕ್ಷಿಗಳಲ್ಲಿ ಅವರ ಆಸಕ್ತಿ ಎಳವೆಯದು. ಪದವಿ ಪಡೆದುದು ಮಾತ್ರ ಭೂವಿಜ್ಞಾನದಲ್ಲಿ. ತೈಲ ಕಂಪನಿಯೊಂದರ ಉದ್ಯೋಗಿಯಾಗಿ ಅವರು ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶಕ್ಕೆ ಹೋದರು. ಯಾವ ಶಿಲಾಸ್ತರದ ಕೆಳಗೆ ಎಣ್ಣೆ ಇದ್ದೀತು ಎಂದು ಶೋಧಿಸುವುದು ಅವರ ಸಂಬಳದ ಕೆಲಸ. ಅದರ ಜೊತೆಯಲ್ಲಿಯೇ ಅಲ್ಲಿಯ ಉಷ್ಣವಲಯದ ಕಾಡುಗಳ ಹಕ್ಕಿಗಳನ್ನು ಅಭ್ಯಸಿಸಿದರು. ಕೊಲಂಬಿಯಾದಲ್ಲಿ ಆಂಡೀಸ್ ಪರ್ವತಗಳಿಂದ ಪಶ್ಚಿಮಕ್ಕಿರುವ ಅರಣ್ಯಪಕ್ಷಿಗಳ ಬಗೆಗೆ ಅವರ ಪ್ರಬಂಧವೊಂದು 1967ರಲ್ಲಿ ಬೆಳಕು ಕಂಡಿತು.

ಅವರನ್ನು ಕಾಡಿದ ಪ್ರಶ್ನೆ ಇದು. ಅಮೆಜಾನ್ ನದಿಯ ಬಯಲು ಸಾವಿರಾರು ಮೈಲಿ ಹಬ್ಬಿದ ಅಖಂಡ ಅರಣ್ಯ. ನಡುವೆ ಅಡ್ಡಗಟ್ಟುವ ಪರ್ವತವಿಲ್ಲ. ಆದರೂ ಒಂದೇ ಕುಲದ ಹಕ್ಕಿಗಳು ಪೂರ್ವದಲ್ಲಿ ಒಂದು ಬಗೆ, ಪಶ್ಚಿಮದಲ್ಲಿ ಇನ್ನೊಂದು ಬಗೆ. ಟೂಕನ್ ಎಂಬ ಪಕ್ಷಿಯನ್ನು ನೋಡಿ. ದೊಡ್ಡ ಕೊಕ್ಕಿನಿಂದ ನಮ್ಮ ಮಲೆನಾಡಿನ ಮಂಗಟ್ಟೆಯನ್ನು ನೆನಪಿಗೆ ತಂದರೂ ಅದು ಬೇರೆಯೇ ವಂಶದ್ದು. ಬಿಳಿಗೊರಳಿನ ಟೂಕನ್ನಿಗೆ ಪೂರ್ವದಲ್ಲಿ ಕೆಂಗಂದು ಕೊಕ್ಕು, ಪಶ್ಚಿಮದಲ್ಲಿ ಕಪ್ಪು ಕೊಕ್ಕು. ಇವೆರಡೂ ಸೇರುವ ಅಗಲವಾದ ಪಟ್ಟಿಯಲ್ಲಿ ಮಿಶ್ರರೂಪಗಳು. ಅಗಲಿಸುವ ತಡೆಯೇ ಇಲ್ಲದೆಡೆ ಇವು ಅಗಲಿದ್ದು ಹೇಗೆ? ಮಹಾನದಿಗಳೇ ತಡೆಯೆಂಬ ಸೂಚನೆಯನ್ನು ವ್ಯಾಲೇಸ್ 1852ರಲ್ಲೇ ಕೊಟ್ಟಿದ್ದರು. ಆದರೆ ನದಿಗಳು ಮೂಲದತ್ತ ಕಿರಿದಾಗುತ್ತವೆ. ಹಕ್ಕಿಗಳ ಗಡಿಗಳೆಲ್ಲವೂ ನದಿಯ ದಡದಲ್ಲಿಯೇ ಇಲ್ಲ.

ಇಲ್ಲಿ ಕಲ್ಲನ್ನು ಓದಿದ ಕಣ್ಣು ಉಪಯೋಗಕ್ಕೆ ಬಂದಿತು. ಇಂದು ಕಾಣುವ ಕಾಡು ಇಂದಿನದು ಮಾತ್ರ. ಹಿಮಯುಗಗಳಲ್ಲಿ ಉತ್ತರದ ನಾಡುಗಳು ಮಂಜಿನಡಿ ಹೂತಿದ್ದಾಗ ಇಲ್ಲಿ ಮಳೆ ಕುಗ್ಗಿ, ಕಾಡು ತುಂಡುತುಂಡಾಗಿ, ನಡುವೆ ಹುಲ್ಲುಗಾವಲು ಹರಡಿದ್ದಿರಬೇಕು. ಉಳಿದ ಕಾನನದ್ವೀಪಗಳಲ್ಲಿ ಆಶ್ರಯ ಪಡೆದ ಹಕ್ಕಿಗಳು ಪ್ರತ್ಯೇಕವಾಗಿ ಬದಲಾಗಿ, ಮಳೆ ಮರಳಿದ ಮೇಲೆ ಹರಡಿ ಎದುರಾಗಿರಬೇಕು ಎಂದು ಅವರು ತರ್ಕಿಸಿದರು. ಈಗಲೂ ಮಳೆ ಅಧಿಕವಾಗಿರುವ ಎಡೆಗಳನ್ನೂ ಹಕ್ಕಿಗಳ ಹರವನ್ನೂ ಹೋಲಿಸಿ ಚೋಕೊ, ನಾಪೊ, ಗಯಾನಾ, ಬೆಲೆಮ್ ಮುಂತಾದ ಒಂಬತ್ತು ಆಶ್ರಯತಾಣಗಳನ್ನು ಗುರುತಿಸಿದರು. ‘ಸೈನ್ಸ್’ ಪತ್ರಿಕೆಯಲ್ಲಿ 1969ರಲ್ಲಿ ಪ್ರಕಟವಾದ ಈ ಲೇಖನ ಏಳೇ ಪುಟಗಳದು.

ಇದನ್ನೋದಿದಾಗ ನನಗೆ ತಾಳೆಯೋಲೆಯ ಪ್ರತಿಗಳು ನೆನಪಾದವು. ಒಂದೇ ಮೂಲದಿಂದ ಹೊರಟ ಪ್ರತಿಗಳು ಬೇರೆ ಬೇರೆ ಊರುಗಳ ಲಿಪಿಕಾರರ ಕೈ ಸೇರಿ, ಒಂದರ ಸುಳಿವು ಇನ್ನೊಂದಕ್ಕಿಲ್ಲದೆ ನಕಲಾಗುತ್ತ ಹೋದರೆ ಪ್ರತಿಯೊಂದರಲ್ಲಿಯೂ ತನ್ನದೇ ಪಾಠಾಂತರಗಳು ಬೆಳೆಯುತ್ತವೆ. ಎಷ್ಟೋ ಕಾಲದ ಮೇಲೆ ಎರಡು ಪರಂಪರೆಗಳ ಓಲೆಗಳು ಒಬ್ಬ ಲಿಪಿಕಾರನ ಮುಂದೆ ಕೂಡಿದರೆ ಮಿಶ್ರಪಾಠ ಹುಟ್ಟುತ್ತದೆ. ಗ್ರಂಥಸಂಪಾದಕನು ಆ ಮಿಶ್ರಪಾಠವನ್ನು ಹಿಡಿದು ಹಿಂದಿನ ಅಗಲಿಕೆಯನ್ನು ಊಹಿಸುತ್ತಾನೆ. ಹಾಫರ್ ಮಾಡಿದ್ದೂ ಅದನ್ನೇ. ಅವರ ಓಲೆಗಳಿಗೆ ರೆಕ್ಕೆಯಿತ್ತು, ಅಷ್ಟೇ ಭೇದ.

ಆದರೆ ಊಹೆ ಎಷ್ಟು ಸೊಗಸಾದರೂ ಸಾಕ್ಷ್ಯದ ಮುಂದೆ ನಿಲ್ಲಬೇಕಷ್ಟೆ. ಸಸ್ಯಗಳ ಇಂತಹ ಕೇಂದ್ರಗಳೆಂದು ಹೇಳಲಾಗಿದ್ದವು ಬಹುಮಟ್ಟಿಗೆ ಸಂಗ್ರಾಹಕರು ಹೆಚ್ಚಾಗಿ ಓಡಾಡಿದ ಸ್ಥಳಗಳೇ ಎಂದು 1990ರಲ್ಲಿ ಬ್ರೆಜಿಲಿನ ಸಂಶೋಧಕರು ತೋರಿಸಿದರು. ಪಾಟಾ ಸರೋವರದ ಕೆಸರಿನೊಳಗಿನ ಪರಾಗವನ್ನು ಪರೀಕ್ಷಿಸಿದ ಕಾಲಿನ್ವೋ ಮತ್ತು ಸಂಗಡಿಗರು, ಹಿಮಯುಗದಲ್ಲಿಯೂ ಅಲ್ಲಿ ಕಾಡು ಕಾಡಾಗಿಯೇ ಇತ್ತು, ಹವೆ ತಂಪಾಗಿತ್ತು ಎಂದು 1996ರಲ್ಲಿ ವಾದಿಸಿದರು. ಆನುವಂಶಿಕ ಪರೀಕ್ಷೆಗಳು ಬಂದ ಮೇಲೆ ಅನೇಕ ಪಕ್ಷಿಪ್ರಭೇದಗಳು ಆ ಹಿಮಯುಗಗಳಿಗಿಂತಲೂ ಹಳೆಯವೆಂದು ತಿಳಿದುಬಂದಿತು. 1969ರ ರೂಪದಲ್ಲಿ ಆ ವಾದವನ್ನು ಈಗ ಒಪ್ಪುವವರು ವಿರಳ.

ಹಾಗಾದರೆ ಈ ಮನುಷ್ಯನನ್ನು ಸ್ಮರಿಸುವುದೇಕೆ? ತನ್ನ ಮತಕ್ಕೆ ಪೆಟ್ಟು ಬಿದ್ದಾಗ ಅವರು ನಡೆದುಕೊಂಡ ರೀತಿಗಾಗಿ. 1997ರಲ್ಲಿ ಅವರೇ ಒಂದು ಸಮೀಕ್ಷೆ ಬರೆದು ನದಿಯ ವಾದವನ್ನೂ ಇತರ ಪಕ್ಷಗಳನ್ನೂ ತಮ್ಮ ಪಕ್ಷದ ಜೊತೆಗಿರಿಸಿ, ಒಂದೇ ಕಾರಣ ಎಲ್ಲಕ್ಕೂ ಸಾಲದೆಂದು ತೂಗಿ ನೋಡಿದರು. 2008ರಲ್ಲಿ ಮತ್ತೊಮ್ಮೆ ಅದೇ ವಿಷಯವನ್ನು ಪರಿಶೀಲಿಸಿದರು. ನಮ್ಮ ಶಾಸ್ತ್ರಸಂಪ್ರದಾಯದಲ್ಲಿ ಪೂರ್ವಪಕ್ಷವನ್ನು ಬಲವಾಗಿ ಮಂಡಿಸಲಾರದವನಿಗೆ ಸಿದ್ಧಾಂತ ಹೇಳುವ ಅಧಿಕಾರವಿಲ್ಲ. ಪಾಠಾಂತರ ತೋರಿಸಿದವರ ಮೇಲೆ ಮುನಿಸಿಕೊಂಡು ಮಾತು ಬಿಟ್ಟ ಪಂಡಿತರನ್ನು ನಾನು ಕಂಡಿದ್ದೇನೆ. ಒಮ್ಮೆ ನಾನೇ ಹಾಗೆ ಮಾಡಿದ್ದುಂಟು.

ಹತ್ತನೆಯ ತರಗತಿ ಮುಗಿಯುತ್ತಲೇ ವಿಜ್ಞಾನವೋ ಕಲೆಯೋ ವಾಣಿಜ್ಯವೋ ಎಂದು ಮಕ್ಕಳನ್ನು ಕೇಳುತ್ತೇವೆ. ಉತ್ತರ ಬಂದೊಡನೆ ಉಳಿದುದೆಲ್ಲವನ್ನೂ, ಹಕ್ಕಿಗಳ ಹೆಸರು ಗುರುತಿಟ್ಟ ಪುಸ್ತಕವನ್ನು ಕೂಡ, ಅಟ್ಟಕ್ಕೆ ಏರಿಸುತ್ತೇವೆ. ಅಂಕಗಳಿಗೆ ಅಡ್ಡಿಯೆಂಬುದು ತಂದೆತಾಯಿಗಳ ವಾದ. ಅವರ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೆ ಹಾಫರ್ ಅವರ ಭೂವಿಜ್ಞಾನಕ್ಕೆ ಹಕ್ಕಿಗಳು ಅಡ್ಡಿಯಾಗಲಿಲ್ಲ. ಭೂವಿಜ್ಞಾನವಿಲ್ಲದಿದ್ದರೆ ಹಕ್ಕಿಗಳನ್ನು ಕುರಿತ ಆ ಪ್ರಶ್ನೆ ಅವರಿಗೆ ಆ ರೀತಿ ತೋರುತ್ತಲೂ ಇರಲಿಲ್ಲ.

ಹಿರಿಯ ಪಕ್ಷಿಶಾಸ್ತ್ರಜ್ಞರ ಚರಿತ್ರೆಗಳನ್ನು ಬರೆಯುವ ಕಾರ್ಯದಲ್ಲಿಯೂ ಅವರು ತೊಡಗಿದರು. ಎರ್ವಿನ್ ಸ್ಟ್ರೆಸೆಮಾನ್ ಅವರ ಜೀವನವನ್ನು ಇತರರೊಡಗೂಡಿ ಜರ್ಮನ್ ಭಾಷೆಯಲ್ಲಿ ಬರೆದರು. ಎರ್ನ್ಸ್ಟ್ ಮೇಯರ್ ಅವರನ್ನು ಕುರಿತ ಬೃಹದ್ಗ್ರಂಥ ಇಂಗ್ಲಿಷಿನಲ್ಲಿ 2007ರಲ್ಲಿ ಹೊರಬಂದಿತು. ಅದಾಗಿ ಮೂರು ವರ್ಷಗಳಲ್ಲಿ, 2010ರಲ್ಲಿ, ಹಾಫರ್ ಕಾಲವಾದರು.