ಗೋಧೂಳಿ ಯಾರ ಬಾಯಿಗೆ?



ಹೋದ ಸಭೆಗೆ ಹಾಸ್ಟೆಲ್ಲಿನ ಒಬ್ಬ ಗೆಳೆಯ ‘ನಮ್ಮ ಹಳ್ಳಿಯ ಸಂಜೆ’ ಅಂತ ಎರಡು ಪುಟ ಬರೆದು ತಂದ. ಪತ್ರಿಕೆಗೆ ಹಾಕ್ರಿ ಅಂದ. ಅದರಾಗ ‘ಗೋಧೂಳಿ’ ಅನ್ನುವ ಮಾತು ಐದು ಸಲ ಬಂದಿತ್ತು. ಅವನ ಅಪ್ಪ ಸಣ್ಣವರಿದ್ದಾಗ ಗೌಡರ ಮನೆಯ ದನ ಕಾಯ್ದವರು. ಆ ಅಪ್ಪ ಒಂದು ಸಲವೂ ಬಂದಿರಲಿಲ್ಲ. ನಾವು ಅದನ್ನು ಹಾಕಲಿಲ್ಲ. ಯಾಕೆ ಅಂತ ಹೇಳಬೇಕು.

ಗೋ ಅಂದರೆ ಆಕಳು, ಧೂಳಿ ಅಂದರೆ ಧೂಳು. ಎರಡೂ ಸಂಸ್ಕೃತದವು. ಹೊತ್ತು ಮುಳುಗುವಾಗ ದನ ಊರಿಗೆ ತಿರುಗುತ್ತವೆ, ಗೊರಸಿನಿಂದ ಧೂಳು ಏಳುತ್ತದೆ. ಅದೇ ಆ ಹೊತ್ತಿನ ಹೆಸರಾಯಿತು, ಮದುವೆಗೆ ಮುಹೂರ್ತವಾಯಿತು, ಕವಿಗಳಿಗೆ ಹಳ್ಳಿಯ ಚೆಲುವಾಯಿತು. ಕಟ್ಟೆ ಮ್ಯಾಲೆ ಕೂತು ನೋಡುವವನಿಗೆ ಅದು ಬಂಗಾರ. ದನದ ಹಿಂದೆ ಬರುವ ಹುಡುಗನಿಗೆ ಕಣ್ಣಾಗ, ಬಾಯಾಗ ಮಣ್ಣು. ಯಲಬುರ್ಗಾ, ಕುಷ್ಟಗಿ ಕಡೆ ಬ್ಯಾಸಗಿ ಧೂಳು ಹೆಂಗಿರ್ತದ ಅಂತ ನಿಮಗೆ ಹೇಳಬೇಕಿಲ್ಲ.

ಇಂಗ್ಲಿಷಿನಲ್ಲೂ ಇಂಥದ್ದೇ ಒಂದು ಮಾತುಂಟು, ‘ಬ್ಯುಕಾಲಿಕ್’. ಹಳ್ಳಿಯ ನೆಮ್ಮದಿ, ಸೊಬಗು ಅಂತ ಅರ್ಥ. ಅದರ ಬೇರು ಗ್ರೀಕಿನ ‘ಬೂಕೊಲೋಸ್’, ಅಂದರೆ ದನ ಕಾಯುವವನು. ಅಲ್ಲಿಯ ‘ಬೂಸ್’, ಇಲ್ಲಿಯ ‘ಗೋ’ ಒಂದೇ ಮೂಲದವು ಅಂತ ಭಾಷೆ ಬಲ್ಲವರು ಹೇಳುತ್ತಾರೆ. ಅಂದರೆ ಇಷ್ಟೆಲ್ಲ ಸೊಬಗಿನ ಬುಡದಾಗ ಇರುವವನು ಒಬ್ಬ ದನಕಾಯೋನು! ರೋಮಿನ ವರ್ಜಿಲ್ ಇದನ್ನು ಪೂರಾ ಮರೆತಿರಲಿಲ್ಲ. ಅವನ ದನಗಾಹಿ ಪದ್ಯಗಳಲ್ಲಿ ಮೊದಲನೆಯದರಲ್ಲೇ ಒಬ್ಬ ಹೊಲ ಕಳಕೊಂಡು, ಆಡು ಹೊಡಕೊಂಡು ಊರು ಬಿಡುತ್ತಾನೆ.

ನಮ್ಮಲ್ಲಿ ನೋಡ್ರಿ. ಗೋಪಾಲ ಅಂದರೂ ದನಕಾಯೋನು ಅಂದರೂ ಅರ್ಥ ಒಂದೇ. ಒಂದು ದೇವರ ಹೆಸರು, ಇನ್ನೊಂದು ಬೈಗುಳ. ಲೆಕ್ಕ ತಪ್ಪಿದರೆ ‘ದನಾ ಕಾಯಾಕ ಹೋಗು’ ಅನ್ನಿಸಿಕೊಳ್ಳದ ಹುಡುಗ ನಮ್ಮೊಳಗೆ ಯಾರಿದ್ದಾನೆ? ಅದನ್ನು ಅಂದ ಮಾಸ್ತರರೇ ಮುಂದಿನ ತಾಸಿಗೆ ಗೋಧೂಳಿ ಪದ್ಯಕ್ಕೆ ಭಾವಾರ್ಥ ಬರೆಸುತ್ತಾರೆ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ದನ ಕಾಯ್ದ ತುರುಗಾಹಿ ರಾಮಣ್ಣ ಮಾತ್ರ ತನ್ನ ಕೆಲಸವನ್ನೇ ಹೆಸರಿನ ಮುಂದಿಟ್ಟುಕೊಂಡು ವಚನ ಹೇಳಿದ. ತುರು ಅಂದರೆ ಹಳಗನ್ನಡದಲ್ಲಿ ಆಕಳು. ಆತನಿಗೆ ನಾಚಿಕೆ ಇರಲಿಲ್ಲ, ನಮಗೆ ಯಾಕೆ?

1973ರಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಮಂತ್ರಿಗಿರಿ ಹೋಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಏಟು ಬಿದ್ದವು. ಕೊಟ್ಟಿಗೆಯಿಂದ ಗೋಧೂಳಿ ತಂದರೆ ಕವಿತೆ, ಬೂಸಾ ತಂದರೆ ಅಪರಾಧ!

ಹಳ್ಳಿ ಅಂದರೆ ಸಂಕುಚಿತ ಬುದ್ಧಿಯ, ಅಜ್ಞಾನದ ಗೂಡು ಅಂತ ಬಾಬಾಸಾಹೇಬರು 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಹೇಳಿದಾಗ ಬಹಳ ಮಂದಿಗೆ ಸಿಟ್ಟು ಬಂತು. ನಮ್ಮ ಜಿಲ್ಲೆಯ ಸಂಜೆಗಳನ್ನೇ ನೋಡ್ರಿ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲಿನೊಳಗೆ ನಮ್ಮವರನ್ನು ಬಿಡುತ್ತಿರಲಿಲ್ಲ. 2014ರ ಆಗಸ್ಟಿನಲ್ಲಿ ಅಲ್ಲಿ ನಮ್ಮವರ ಗುಡಿಸಲಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟಿನಲ್ಲಿ ಬಹುಪಾಲು ಮಂದಿಗೆ ಜಾಮೀನೂ ಆಯಿತು. ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರಿನಲ್ಲಿ ಎರಡು ವರ್ಷದ ಕೂಸು ಗುಡಿಯೊಳಗೆ ಓಡಿತು ಅಂತ, ಶುದ್ಧಿಗೆ 25 ಸಾವಿರ ಕೊಡು ಅಂದರು. ಈ ಊರುಗಳಲ್ಲೂ ಸಂಜಿಗೆ ಧೂಳು ಏಳುತ್ತದೆ.

ಚೆಂದದ ಮಾತು ಬರೀಬ್ಯಾಡ್ರಿ ಅಂತ ನಾವು ಹೇಳುತ್ತಿಲ್ಲ. ಹೊತ್ತು ಮುಳುಗೋದು ನಮಗೂ ಚೆಂದ ಕಾಣ್ತದ. ಆ ಗೆಳೆಯನಿಗೆ ಬರಹ ತಿರುಗಿ ಕೊಟ್ಟು ಅಂದೆವು: ಅಪ್ಪನ್ನ ಕೇಳು. ವರ್ಷಕ್ಕೆ ಎಷ್ಟು ಚೀಲ ಜೋಳ ಕೊಡ್ತಿದ್ರು, ಮಧ್ಯಾಹ್ನ ಬುತ್ತಿ ಎಲ್ಲಿ ಇಡ್ತಿದ್ರು, ಆಕಳು ಸತ್ತರೆ ಯಾರು ಎಳೀತಿದ್ರು, 1976ರಾಗ ಜೀತ ರದ್ದಾದ ಕಾನೂನು ಬಂದದ್ದು ಆ ಮನಿಗೆ ಯಾವಾಗ ಗೊತ್ತಾತು?

‘ಅಪ್ಪಗ ಹೆಂಗ ಕೇಳ್ಲಿ?’ ಅಂದ.

ಮುಂದಿನ ಸಂಚಿಕೆಯಲ್ಲಿ ಅವನಿಗೆ ಎರಡು ಪುಟ ಬಿಟ್ಟಿದ್ದೇವೆ.