ಚೆಂಡು ಹಾರುವ ಮೊದಲೇ ಆಟ ಶುರುವಾಗಿರುತ್ತದೆ

ವಾರ್ಮ್‌-ಅಪ್ ಹೊತ್ತಿನಲ್ಲಿ ಇಬ್ಬರು ಬಾಸ್ಕೆಟ್‌ಬಾಲ್ ಆಟಗಾರರು ಎದೆಗೆ ಎದೆ ಕೊಟ್ಟು ನಿಂತರೆ, ಸುತ್ತಲಿನವರ ಬಾಯಿಗೆ ಮೊದಲು ಬರುವ ಮಾತು ಒಂದೇ: 'ಮ್ಯಾಚ್ ಇನ್ನೂ ಶುರುವಾಗಿಲ್ಲವಲ್ಲ, ಬಿಡಿ ಸಾರ್.' ರೆಫರಿ ಬಿಡದಿದ್ದರೆ ಅವರೇ ಜಗಳಗಂಟರು. ಕೇಳುವುದಕ್ಕೆ ಇದು ಉದಾರ ಮಾತು. ನಿಯಮದ ಪ್ರಕಾರ ತಪ್ಪು, ನ್ಯಾಯದ ಪ್ರಕಾರ ಇನ್ನೂ ದೊಡ್ಡ ತಪ್ಪು.

ನಾವು ಆಡುವುದು ಫಿಬಾ ನಿಯಮಗಳಂತೆ. ಪಂದ್ಯದ ನಿಗದಿತ ಸಮಯಕ್ಕೆ 20 ನಿಮಿಷ ಮೊದಲು ರೆಫರಿಗಳು ಅಂಕಣಕ್ಕೆ ಬಂದಾಗಲೇ ಅವರ ಅಧಿಕಾರ ಆರಂಭವಾಗುತ್ತದೆ ಎಂದು ಅಲ್ಲಿ ಸ್ಪಷ್ಟವಾಗಿದೆ. ಆ 20 ನಿಮಿಷದಲ್ಲಿ ಟೆಕ್ನಿಕಲ್ ಫೌಲ್ ಆದರೆ, ಜಂಪ್ ಬಾಲ್‌ಗೂ ಮೊದಲು ಎದುರಾಳಿಗೆ ಒಂದು ಫ್ರೀ ಥ್ರೋ. ಹೊಡೆದಾಟವಾದರೆ ಆಟಗಾರನನ್ನು ಹೊರಗೇ ಕಳಿಸಬಹುದು.

'ಒಂದು ಕ್ಷಣದ ಕೋಪಕ್ಕೆ ಹುಡುಗ ಇಡೀ ಪಂದ್ಯ ಕಳೆದುಕೊಳ್ಳಬೇಕೇ?' ಎನ್ನುತ್ತಾರೆ. ಅದೇ ಗುದ್ದು ಮೂರನೇ ಕ್ವಾರ್ಟರ್‌ನಲ್ಲಿ ಬಿದ್ದಿದ್ದರೆ ಈ ಪ್ರಶ್ನೆ ಏಳುತ್ತಿರಲಿಲ್ಲ. ಗಡಿಯಾರ ನಿಂತಿದ್ದರೆ ಮೊಣಕೈ ಏಟು ಕಡಿಮೆ ನೋಯುತ್ತದೆಯೇ? ರೆಫರಿ ಮುಖ ತಿರುಗಿಸಿದಾಗ ಹೊಡೆದವನಿಗೆ ಇವತ್ತು ಎಷ್ಟು ನಡೆಯುತ್ತದೆ ಎಂಬ ಲೆಕ್ಕ ಸಿಗುತ್ತದೆ. ತಿಂದವನು ಬಾಕಿ ತೀರಿಸಲು ಕಾಯುತ್ತಾನೆ. ಎರಡನೇ ಕ್ವಾರ್ಟರ್‌ನಲ್ಲಿ ಅವನು ತಿರುಗಿ ಹೊಡೆದಾಗ ಸೀಟಿ ಊದುತ್ತದೆ. ಮೊದಲು ಹೊಡೆದವನು ಆಡುತ್ತಲೇ ಇರುತ್ತಾನೆ. ಇದನ್ನು ನಿಷ್ಪಕ್ಷಪಾತ ಎನ್ನಬೇಡಿ.

ಹೊಣೆ ಯಾರದು? ಪಂದ್ಯಕ್ಕೆ ಮೊದಲಿನ ಆ ಅವಧಿಯಲ್ಲಿ ತಂಡದ ಅರ್ಹ ಸದಸ್ಯರೆಲ್ಲರನ್ನೂ ಫಿಬಾ 'ಆಟಗಾರ' ಎಂದು ಕರೆಯುತ್ತದೆ. ಅಮೆರಿಕದ ಹೈಸ್ಕೂಲ್ ನಿಯಮಗಳು ಅವರನ್ನೇ 'ಬೆಂಚ್‌ನವರು' ಎನ್ನುತ್ತವೆ. ಹಾಗಾಗಿ ಅಲ್ಲಿ ಹುಡುಗನ ತಪ್ಪಿಗೆ ಕೋಚ್ ಲೆಕ್ಕಕ್ಕೂ ಒಂದು ಪರೋಕ್ಷ ಟೆಕ್ನಿಕಲ್ ಸೇರುತ್ತದೆ. ಒಂದು ಪದ ಬದಲಾದರೆ ಹೊಣೆಯ ಜಾಗವೇ ಬದಲಾಗುತ್ತದೆ. ಮಕ್ಕಳ ಟೂರ್ನಿಗಳ ಮಟ್ಟಿಗೆ ಅಮೆರಿಕದವರೇ ಸರಿ. ಹದಿನೈದರ ಹುಡುಗ ಕೆರಳಿ ನಿಂತಿರುವಾಗ ಮೊಬೈಲ್ ನೋಡುತ್ತಿದ್ದ ಕೋಚ್ ಏಕೆ ಬಚಾವಾಗಬೇಕು? ನಮ್ಮ ಸಂಘಟಕರು ತಮ್ಮ ಶಿಸ್ತಿನ ನಿಯಮಗಳಲ್ಲಿ ಇದನ್ನು ಸೇರಿಸಬೇಕು.

ಇನ್ನೊಂದು ಮಾತು ಸಂಘಟಕರಿಗೇ. ರೆಫರಿ ಅಂಕಣದಲ್ಲಿ ಇಲ್ಲದಿದ್ದರೆ ಅವರ ಅಧಿಕಾರವೂ ಅಲ್ಲಿರುವುದಿಲ್ಲ. ಒಂದೇ ಅಂಕಣದಲ್ಲಿ ಬೆನ್ನಿಗೆ ಬೆನ್ನು ಪಂದ್ಯ ಇಟ್ಟು, ಅದೇ ಇಬ್ಬರು ರೆಫರಿಗಳಿಗೆ ನೀರು ಕುಡಿಯಲೂ ಬಿಡುವು ಕೊಡದಿದ್ದರೆ, ವಾರ್ಮ್‌-ಅಪ್ ನೋಡುವವರು ಯಾರು? 20 ನಿಮಿಷಕ್ಕೂ ಮೊದಲು ನಡೆದದ್ದಕ್ಕೆ ಅವರ ಕೈಯಲ್ಲಿ ಸೀಟಿ ಇಲ್ಲ, ವರದಿ ಮಾತ್ರ ಇದೆ. ಸ್ಕೋರ್‌ಶೀಟ್ ಹಿಂಬದಿಯಲ್ಲಿ ಬರೆದು ಸಂಘಟಕರಿಗೇ ಕಳಿಸಬೇಕು. ಅಂದರೆ ಆ ಹೊತ್ತು ನಿಮ್ಮದು, ರೆಫರಿಗಳದ್ದಲ್ಲ.

ಪಂದ್ಯಗಳ ನಡುವೆ ಅರ್ಧ ಗಂಟೆ ಬಿಡಿ. ಜೆರ್ಸಿ ನಂಬರ್ ಮುಚ್ಚುವ ಟೀ ಶರ್ಟಿನಲ್ಲಿ ವಾರ್ಮ್‌-ಅಪ್ ಬೇಡ ಎನ್ನಿ. ಜಗಳ ಎದ್ದರೆ ಬಿಡಿಸುವುದು ಕೋಚ್‌ಗಳ ಕೆಲಸ. ಯಾವ ನಂಬರಿನವನು ಮೊದಲು ಕೈ ಎತ್ತಿದ ಎಂದು ನೋಡುವುದು ರೆಫರಿಯ ಕೆಲಸ. ಅವರು ಆ ನಂಬರ್ ಬರೆದುಕೊಳ್ಳುವಾಗ 'ಬಿಡಿ ಸಾರ್' ಎಂದು ಅಡ್ಡ ಬರಬೇಡಿ.