ಸ್ಕ್ಯಾನ್ ನಾರ್ಮಲ್, ಆದರೂ ನಿದ್ದೆಯಿಲ್ಲ, ನೋವು ಹೋಗಿಲ್ಲ: ತಲೆಗೆ ಪೆಟ್ಟಾದ ಮೇಲೆ ಆಗುವುದೇನು?

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ ರಕ್ತಸ್ರಾವ ಇಲ್ಲ ಎಂದರು, ಎರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ನೋಡಲು ಬಂದ ನೆಂಟರು "ದೇವರು ದೊಡ್ಡವನು, ಏನೂ ಆಗಿಲ್ಲ" ಎಂದು ಹೋದರು. ನಾಲ್ಕು ತಿಂಗಳಾಯಿತು. ರಾತ್ರಿ ಎರಡು ಗಂಟೆಗೇ ಎಚ್ಚರ, ಬೆಳಿಗ್ಗೆ ತಲೆ ಸಿಡಿತ, ಮಧ್ಯಾಹ್ನ ಕೂತಲ್ಲೇ ತೂಕಡಿಕೆ. ಈಗ ಅದೇ ನೆಂಟರ ಮಾತು ಬೇರೆ: "ಸ್ಕ್ಯಾನ್ ನಾರ್ಮಲ್ ಇದೆಯಲ್ಲ, ಕೆಲಸಕ್ಕೆ ಹೋಗೋಕೆ ಸೋಮಾರಿತನ ಅಷ್ಟೇ."

ಇಂಥ ಮನೆಗಳು ನಮ್ಮ ಸುತ್ತ ಬೇಕಾದಷ್ಟಿವೆ. ಆ ಮನೆಯವರ ಫೋನಿಗೆ ಬರುವ ಫಾರ್ವರ್ಡ್‌ಗಳಿಗೂ ಕೊರತೆಯಿಲ್ಲ. ತಲೆಗೆ ಪೆಟ್ಟಾದವರನ್ನು ಮಲಗಲು ಬಿಡಬೇಡಿ, ತಿಂಗಳುಗಟ್ಟಲೆ ಕತ್ತಲ ಕೋಣೆಯಲ್ಲಿಡಿ, ಈ ಎಣ್ಣೆ ತಿಕ್ಕಿದರೆ ನರಗಳು ಮತ್ತೆ ಕೂಡಿಕೊಳ್ಳುತ್ತವೆ ಇತ್ಯಾದಿ. ಆದರೆ ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು "ಸ್ಕ್ಯಾನ್ ನಾರ್ಮಲ್, ಹಾಗಾಗಿ ಏನೂ ಇಲ್ಲ" ಎಂಬ ಮಾತು ಎಂದೇ ನಮಗೆ ಅನ್ನಿಸುತ್ತದೆ. ಅಲ್ಲಿಂದಲೇ ಶುರು ಮಾಡೋಣ.

ಸ್ಕ್ಯಾನ್‌ಗೆ ಕಾಣದ ಗಾಯ

ಸಿ.ಟಿ. ಸ್ಕ್ಯಾನ್‌ನ ಮುಖ್ಯ ಕೆಲಸ ಜೀವಕ್ಕೆ ಅಪಾಯ ತರುವ ರಕ್ತಸ್ರಾವ, ಬುರುಡೆಯ ಬಿರುಕು, ಊತ ಇವುಗಳನ್ನು ಬೇಗ ಪತ್ತೆ ಮಾಡುವುದು. ಆದರೆ ತಲೆ ಜೋರಾಗಿ ತಿರುಗಿ ಥಟ್ಟನೆ ನಿಂತಾಗ ಮಿದುಳಿನೊಳಗೆ ಕೋಶದಿಂದ ಕೋಶಕ್ಕೆ ಸಂದೇಶ ಒಯ್ಯುವ ಎಳೆಗಳು ಎಳೆದಂತಾಗಿ ಹಾನಿಗೊಳ್ಳುತ್ತವೆ. ಇವು ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಇವುಗಳ ಗಾಯ ಸಿ.ಟಿ.ಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಗೋಡೆ ಬಿರುಕು ಬಿಟ್ಟಿಲ್ಲ ಎಂದು ಮನೆಯ ಫೋಟೋ ನೋಡಿ ಹೇಳಬಹುದು, ಒಳಗಿನ ವೈರಿಂಗ್ ಸರಿಯಿದೆ ಎಂದು ಹೇಳಲಾಗದು.

ಪೆಟ್ಟು ಚಿಕ್ಕದಾದರೆ ನೋವೂ ಚಿಕ್ಕದು ಎಂಬ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಒಂದು ಪರಿಶೀಲನೆ 2008ರಲ್ಲಿ ಅಮೆರಿಕದ 'ಜಾಮಾ' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ದೀರ್ಘಕಾಲದ ನೋವು ಸೌಮ್ಯ ಪೆಟ್ಟಿನವರಲ್ಲಿ ಶೇ. 75ರಷ್ಟು ಮಂದಿಗೆ, ಮಧ್ಯಮ ಮತ್ತು ತೀವ್ರ ಪೆಟ್ಟಿನವರಲ್ಲಿ ಶೇ. 32ರಷ್ಟು ಮಂದಿಗೆ ಇತ್ತು. ಬಾಗಿಲಿಗೆ ತಲೆ ತಗುಲಿದವರೆಲ್ಲ ಹೆದರಬೇಕು ಎಂದಲ್ಲ. ಸೌಮ್ಯ ಪೆಟ್ಟಾದ ಬಹುತೇಕರು ಕೆಲವೇ ವಾರಗಳಲ್ಲಿ ಸುಧಾರಿಸುತ್ತಾರೆ. ಆದರೆ ಸುಧಾರಿಸದವರು ನಾಟಕ ಮಾಡುತ್ತಿಲ್ಲ.

ನಿದ್ದೆಯ ಸ್ವಿಚ್ಚಿಗೇ ಪೆಟ್ಟು

"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬ ಗಾದೆ ಹೇಳಿ, "ಯೋಚನೆ ಬಿಡು, ನಿದ್ದೆ ತಾನಾಗಿ ಬರುತ್ತೆ" ಎನ್ನುವವರಿದ್ದಾರೆ. ಗಾದೆ ಸುಳ್ಳಲ್ಲ, ಆದರೆ ಇಲ್ಲಿ ಕಾರಣ ಬರೀ ಚಿಂತೆಯಲ್ಲ. ಮಿದುಳಿನ ತಳಭಾಗದ ಹೈಪೋಥಲಾಮಸ್ ಎಂಬ ಪುಟ್ಟ ಜಾಗದಲ್ಲಿ ನಮ್ಮನ್ನು ಎಚ್ಚರವಾಗಿಡುವ ಒರೆಕ್ಸಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳಿವೆ. ತಲೆಗೆ ದೊಡ್ಡ ಪೆಟ್ಟಾದವರಲ್ಲಿ ಇದರ ಪ್ರಮಾಣ ತಗ್ಗಿರುವುದನ್ನು ಸಂಶೋಧಕರು ಕಂಡಿದ್ದಾರೆ. ಹಗಲಿನ ತೂಕಡಿಕೆಗೆ ಇದೊಂದು ಕಾರಣ. ಸಂಜೆಯಾಗುತ್ತಲೇ ದೇಹಕ್ಕೆ ರಾತ್ರಿಯ ಸುಳಿವು ಕೊಡುವ ಮೆಲಟೋನಿನ್ ಕೂಡ ಇಂಥವರಲ್ಲಿ ಕಡಿಮೆಯಾಗಬಹುದು. ಹಗಲು ನಿದ್ದೆ, ರಾತ್ರಿ ಜಾಗರಣೆ ಎಂಬ ಉಲ್ಟಾ ಲೆಕ್ಕ ಆಗುವುದು ಹೀಗೆ. ಒಟ್ಟಾರೆ, ಮಿದುಳಿಗೆ ಪೆಟ್ಟಾದವರಲ್ಲಿ ಶೇ. 30ರಿಂದ 70ರಷ್ಟು ಮಂದಿಗೆ ಯಾವುದಾದರೊಂದು ನಿದ್ದೆಯ ತೊಂದರೆ ಇರುತ್ತದೆ ಎಂದು ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ.

ಗೊರಕೆಯನ್ನೂ ಮರೆಯಬಾರದು. "ಗೊರಕೆ ಹೊಡೀತಿದ್ದಾರೆ, ಒಳ್ಳೆ ನಿದ್ದೆ ಬಂದಿದೆ" ಎಂದು ಮನೆಯವರು ಸಮಾಧಾನಪಡುತ್ತಾರೆ. ಗೊರಕೆಯ ನಡುವೆ ಉಸಿರು ನಿಂತು, ಮತ್ತೆ ಏದುಸಿರಿನೊಂದಿಗೆ ಶುರುವಾಗುತ್ತಿದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ತಲೆಪೆಟ್ಟಿನವರಲ್ಲಿ ಇದು ಉಳಿದವರಿಗಿಂತ ಹೆಚ್ಚು. ಬೆಳಗಿನ ತಲೆನೋವಿಗೂ ಇದೇ ಕಾರಣವಾಗಿರಬಹುದು. ಇದಕ್ಕೆ ಪರೀಕ್ಷೆಯೂ ಇದೆ, ಚಿಕಿತ್ಸೆಯೂ ಇದೆ.

ನೋವು ನಿದ್ದೆ ಕೆಡಿಸುತ್ತದೆ, ಇದು ಎಲ್ಲರಿಗೂ ಗೊತ್ತು. ನಿದ್ದೆಗೆಟ್ಟರೆ ನೋವು ಹೆಚ್ಚುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಒಂದು ರಾತ್ರಿ ಸರಿಯಾಗಿ ಮಲಗದಿದ್ದರೂ ಮಿದುಳಿನ ನೋವು ತಡೆಯುವ ಶಕ್ತಿ ಕುಗ್ಗುತ್ತದೆ, ನಿನ್ನೆ ಸಹಿಸಿದ ನೋವು ಇವತ್ತು ಸಹಿಸಲಾಗದು. ಹಾಗಾಗಿ ನೋವು ಹೋದ ಮೇಲೆ ನಿದ್ದೆ ನೋಡೋಣ ಎಂದು ಕಾಯಬಾರದು. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಬೇಕು. ಇನ್ನೊಂದು ಮಾತು: ತಲೆನೋವೆಂದರೆ ತಲೆಯದ್ದೇ ಆಗಬೇಕಿಲ್ಲ. ಬೀಳುವಾಗ ಕುತ್ತಿಗೆಯೂ ಉಳುಕಿರುತ್ತದೆ, ಹಿಂತಲೆಯಿಂದ ಹಣೆಗೆ ಹರಿಯುವ ನೋವು ಎಷ್ಟೋ ಸಲ ಅಲ್ಲಿಂದ ಬರುತ್ತದೆ. ಒಳ್ಳೆಯ ಫಿಸಿಯೋಥೆರಪಿಸ್ಟ್ ಸಿಕ್ಕರೆ ಅರ್ಧ ಭಾರ ಇಳಿದಂತೆ.

ಮೆಡಿಕಲ್ ಶಾಪ್‌ನ ಮಾತ್ರೆ

ನಮಗೆ ಹೆಚ್ಚು ಭಯವಾಗುವುದು ಇಲ್ಲಿ. ತಲೆನೋವಿಗೆ ಅಂಗಡಿಯಲ್ಲಿ ಸಿಗುವ ಮಾತ್ರೆಯೇ ತಲೆನೋವು ತರಬಲ್ಲದು ಎಂದರೆ ಎಷ್ಟೋ ಜನ ನಂಬುವುದಿಲ್ಲ. ಪ್ಯಾರಾಸಿಟಮಾಲ್‌ನಂಥ ಸಾದಾ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಎರಡು ಮೂರು ಔಷಧ ಸೇರಿದ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ಮೀರಿ ನುಂಗುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಅಂಟಿಕೊಳ್ಳಬಹುದು. ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ದಿನಕ್ಕೆ ಒಂದು ಗುರುತು ಹಾಕಿ ನೋಡಿ, ಲೆಕ್ಕ ತಾನೇ ಹೇಳುತ್ತದೆ. ಹೆಚ್ಚಾಗಿದ್ದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸದೆ ವೈದ್ಯರನ್ನು ಕೇಳಿ.

ನಿದ್ದೆ ಮಾತ್ರೆಯ ಕಥೆಯೂ ಇಷ್ಟೇ. ಹಲವು ನಿದ್ದೆ ಮಾತ್ರೆಗಳು ಪೆಟ್ಟಾದ ಮಿದುಳಿನ ನೆನಪು, ಗಮನ, ನಡಿಗೆಯ ಸಮತೋಲನ ಇವನ್ನು ಇನ್ನಷ್ಟು ಕುಂದಿಸುತ್ತವೆ. ರಾತ್ರಿ ಬಚ್ಚಲಿಗೆ ಎದ್ದು ಬಿದ್ದರೆ ಮತ್ತೊಂದು ತಲೆಪೆಟ್ಟು. "ಒಂದು ಪೆಗ್ ಹಾಕಿದರೆ ನಿದ್ದೆ" ಎನ್ನುವವರಿಗೆ ಹೇಳುವುದಿಷ್ಟು: ಮದ್ಯ ಬೇಗ ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ, ಫಿಟ್ಸ್ ಬರುವ ಅಪಾಯವನ್ನೂ ಹೆಚ್ಚಿಸುತ್ತದೆ. ಮೆಲಟೋನಿನ್ ಬಗ್ಗೆ 2018ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಒಂದು ಸಣ್ಣ ಪ್ರಯೋಗದಲ್ಲಿ ತಲೆಪೆಟ್ಟಿನವರ ನಿದ್ದೆಯ ಗುಣಮಟ್ಟ ಸುಧಾರಿಸಿತ್ತು, ಆದರೆ ನಿದ್ದೆ ಹತ್ತಲು ಬೇಕಾಗುವ ಹೊತ್ತು ಕಡಿಮೆಯಾಗಿರಲಿಲ್ಲ. ಅದನ್ನೂ ಕೇಳಿಯೇ ತೆಗೆದುಕೊಳ್ಳಿ.

ಇನ್ನು ಆ ಫಾರ್ವರ್ಡ್‌ಗಳು. ವೈದ್ಯರು ನೋಡಿ ಅಪಾಯವಿಲ್ಲ ಎಂದ ಮೇಲೆ ಮಲಗಬಹುದು, ಮಲಗಲೇಬೇಕು. ಆದರೆ ಪೆಟ್ಟಾದ ಬಳಿಕ ಎಬ್ಬಿಸಿದರೂ ಏಳದಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ, ಮೂಗು ಕಿವಿಯಿಂದ ನೀರಿನಂಥ ದ್ರವ ಸೋರಿದರೆ, ತಲೆನೋವು ಏರುತ್ತಲೇ ಹೋದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕತ್ತಲ ಕೋಣೆಯ ಸಲಹೆ ಹಳೆಯದು. ಸೌಮ್ಯ ಪೆಟ್ಟಾದರೆ ಮೊದಲ ಒಂದೆರಡು ದಿನ ವಿಶ್ರಾಂತಿ, ನಂತರ ತೊಂದರೆ ಹೆಚ್ಚಾಗದಷ್ಟು ನಿಧಾನವಾಗಿ ನಡಿಗೆ, ಮನೆಗೆಲಸ ಶುರು ಮಾಡುವುದು ಈಗಿನ ಪದ್ಧತಿ. ಎಣ್ಣೆ ತಿಕ್ಕಿಸಿಕೊಂಡರೆ ಹಾಯೆನಿಸಬಹುದು, ನರ ಜೋಡಣೆಯಾಗದು. ಹೊಲಿಗೆ ಹಾಕಿದ ಜಾಗ, ಬುರುಡೆ ತೆರೆದು ಆಪರೇಷನ್ ಆದ ತಲೆ ಇವನ್ನು ಮಾತ್ರ ಯಾರೂ ತಿಕ್ಕಬಾರದು.

ಮನೆಯಲ್ಲಿ ಮಾಡಬಹುದಾದದ್ದು

ರಾತ್ರಿ ಎಷ್ಟೊತ್ತಿಗೆ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು ಮುಖ್ಯ. ಎದ್ದ ಕೂಡಲೇ ಅರ್ಧ ಗಂಟೆ ಅಂಗಳದ ಬೆಳಕಿನಲ್ಲಿ ಕೂತರೆ ದೇಹದ ಗಡಿಯಾರ ಸರಿಹೋಗಲು ಸಹಾಯ. ಬೆಳಕು ಕಣ್ಣಿಗೆ ಚುಚ್ಚಿದರೆ ನೆರಳಲ್ಲಿ ಕೂರಿ. ಮಧ್ಯಾಹ್ನ ತಡೆಯದಿದ್ದರೆ ಅಲಾರಂ ಇಟ್ಟು 20-30 ನಿಮಿಷ ಮಾತ್ರ ಮಲಗಿ. ಮಧ್ಯಾಹ್ನದ ಊಟದ ನಂತರ ಕಾಫಿ, ಟೀ ಬೇಡ. ನಮ್ಮಲ್ಲಿ ಕಷ್ಟವೆಂದರೆ ಸಂಜೆ ಐದರ ಕಾಫಿ, ಅದನ್ನು ಬಿಡಿಸುವುದು ಸುಲಭವಲ್ಲ ಎಂದು ನಮಗೂ ಗೊತ್ತು.

ನಿದ್ದೆಗಾಗಿಯೇ ಇರುವ ಸಿ.ಬಿ.ಟಿ. ಎಂಬ ಮಾತಿನ ಚಿಕಿತ್ಸೆ ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಆಯ್ಕೆ. ಅದರಲ್ಲಿ ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ಬೇಕೆಂದೇ ತಗ್ಗಿಸುವ ಕ್ರಮವಿದೆ. ಫಿಟ್ಸ್ ಇರುವವರಿಗೆ ನಿದ್ದೆಗೇಡು ಅಪಾಯ, ಹಾಗಾಗಿ ಯೂಟ್ಯೂಬ್ ನೋಡಿ ಇದನ್ನು ಮಾಡಬೇಡಿ.

ಎಲ್ಲಿಗೆ ಹೋಗುವುದು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಪುನರ್ವಸತಿ ವಿಭಾಗವಿದೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಜಿಲ್ಲಾಸ್ಪತ್ರೆಗಳಲ್ಲಿ ನಡೆಸುವ ಮಿದುಳು ಆರೋಗ್ಯ ಕ್ಲಿನಿಕ್‌ಗಳಲ್ಲಿ ತಲೆನೋವು, ಫಿಟ್ಸ್ ನೋಡುತ್ತಾರೆ. ನಿದ್ದೆಯಿಲ್ಲದೆ, ನೋವು ತಾಳದೆ ಬದುಕೇ ಬೇಡ ಎನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಬಳಿ ಹೋಗುವಾಗ ಎರಡು ವಾರದ ಲೆಕ್ಕ ಬರೆದುಕೊಂಡು ಹೋಗಿ: ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ನೋವು ಯಾವಾಗ, ಮಾತ್ರೆ ಎಷ್ಟು. ಸಾಧ್ಯವಾದರೆ ರಾತ್ರಿ ಅದೇ ಕೋಣೆಯಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಿ. ಗೊರಕೆಯ ನಡುವೆ ಉಸಿರು ನಿಲ್ಲುವುದು ಮಲಗಿದವರಿಗೆ ಗೊತ್ತಾಗುವುದಿಲ್ಲ, ಕೇಳಿಸಿಕೊಂಡವರಿಗೆ ಗೊತ್ತಿರುತ್ತದೆ.